ಎಳೆ, ಕಟ್ಟು, ದೃಢತೆ: ಗಣಿತದ ಕನ್ನಡವನ್ನು ಕುರಿತು ಒಂದು ಟಿಪ್ಪಣಿ

ಕನ್ನಡ ಶಾಸ್ತ್ರಸಾಹಿತ್ಯದ ಚರ್ಚೆಯು ನಮ್ಮ ವಿಭಾಗಗಳಲ್ಲಿ ಬಹುಮಟ್ಟಿಗೆ ಗ್ರಂಥಸಂಪಾದನೆಯ ಚರ್ಚೆಯಾಗಿಯೇ ಉಳಿದಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಸಾಹಿತ್ಯಚರಿತ್ರೆಯ ಒಂದು ಪ್ಯಾರಾದಲ್ಲಿ ಸ್ಮರಿಸಿ ಮುಂದೆ ಸಾಗುತ್ತೇವೆ. ಆದರೆ ಅವನು ಮಾಡಿದ ಕೆಲಸ, ಎಂದರೆ ತನ್ನ ಕಾಲದ ಗಣಿತವನ್ನು ತನ್ನ ಕಾಲದ ಕನ್ನಡದಲ್ಲಿ ಹೇಳುವ ಕೆಲಸ, ನಮ್ಮ ಪಾಲಿನದೂ ಹೌದೆಂದು ಭಾವಿಸುವುದಿಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಾಗ ಇದ್ದ ಆತ್ಮವಿಶ್ವಾಸವು ಇಂದು ಜನಪ್ರಿಯ ವಿಜ್ಞಾನ ಬರವಣಿಗೆಯ ಮಟ್ಟಿಗೆ ಮಾತ್ರ ಉಳಿದಿದೆ. ಉನ್ನತ ಗಣಿತದ ಎದುರು ಕನ್ನಡ ಮೇಷ್ಟರೂ ಗಣಿತದ ಮೇಷ್ಟರೂ ಸಮಾನವಾಗಿ ಮೌನಿಗಳು.

ಸುಲಭವಾದ ವಿಷಯವನ್ನು ಆರಿಸಿಕೊಂಡು ಕನ್ನಡದ ಸಾಮರ್ಥ್ಯವನ್ನು ಸಾಬೀತುಪಡಿಸುವುದು ನಮ್ಮ ರೂಢಿ. ಇಲ್ಲಿ ಉದ್ದೇಶಪೂರ್ವಕವಾಗಿ ಕಠಿಣವಾದುದನ್ನೇ ತೆಗೆದುಕೊಳ್ಳುತ್ತೇನೆ: ಬೀಜಗಣಿತೀಯ ವಕ್ರರೇಖೆಗಳ ಮೇಲಿನ ವೆಕ್ಟರ್ ಬಂಡಲ್‌ಗಳು. ಈ ಕ್ಷೇತ್ರ ನಮಗೆ ತೀರ ದೂರದ್ದಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿದ್ದ ಎಂ. ಎಸ್. ನರಸಿಂಹನ್ ಮತ್ತು ಸಿ. ಎಸ್. ಶೇಷಾದ್ರಿ 1965ರಲ್ಲಿ ಪ್ರಕಟಿಸಿದ ಪ್ರಮೇಯವು ಇದರ ಆಧಾರಸ್ತಂಭಗಳಲ್ಲೊಂದು. ನರಸಿಂಹನ್ ಅವರು ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 2021ರಲ್ಲಿ ಅಲ್ಲಿಯೇ ನಿಧನರಾದರು.

ವಿಷಯವಿಷ್ಟು. ಮೂರು ಆಯಾಮಗಳ ಪ್ರಕ್ಷೇಪ ಅವಕಾಶದಲ್ಲಿ ಒಂದು ವಕ್ರರೇಖೆ ಹರಿದಿದೆ ಎನ್ನೋಣ. ಅದರ ಪ್ರತಿಯೊಂದು ಬಿಂದುವಿನಲ್ಲೂ ಆ ಬಿಂದುವಿನ ಮೂಲಕ ಹಾಯುವ ಸಮತಲಗಳ ಸಮೀಕರಣಗಳನ್ನೆಲ್ಲ ಒಟ್ಟುಗೂಡಿಸಿದರೆ ಮೂರು ಆಯಾಮಗಳ ಒಂದು ಸದಿಶಾವಕಾಶ ದೊರೆಯುತ್ತದೆ. ಬಿಂದು ಸರಿದಂತೆ ಅದೂ ಸರಿಯುತ್ತದೆ. ಹೀಗೆ ಬಿಂದುಬಿಂದುವಿಗೂ ನಿಂತ ಅವಕಾಶಗಳ ಸಮೂಹವೇ ಬಂಡಲ್. ಒಂದೊಂದು ಅವಕಾಶವೂ ಅದರ ‘ಫೈಬರ್’, ಅಂದರೆ ಎಳೆ.

ಎಳೆ ಎಂದೊಡನೆ ಶಿಡ್ಲಘಟ್ಟ ನೆನಪಾಗುವುದು ಸಹಜ. ರೇಷ್ಮೆಗೂಡಿನ ಮಾರುಕಟ್ಟೆಗೂ ನೂಲು ಬಿಚ್ಚಾಣಿಕೆಗೂ ಹೆಸರಾದ ಆ ಊರಿನಲ್ಲಿ ಗೂಡು, ಎಳೆ, ಲಡಿ, ಕಟ್ಟು, ಹುರಿ ಮುಂತಾದ ಪದಗಳು ನಿಘಂಟಿನಲ್ಲಲ್ಲ, ಕೈಯಲ್ಲಿವೆ. ಗಣಿತಜ್ಞರು ಫೈಬರ್, ಬಂಡಲ್ ಎಂಬ ಪದಗಳನ್ನು ಆಯ್ದದ್ದೂ ನಿತ್ಯಬಳಕೆಯ ಇಂತಹ ಮಾತಿನಿಂದಲೇ. ಹಾಗಿರುವಾಗ ಕನ್ನಡದಲ್ಲಿ ಮಾತ್ರ ‘ಸದಿಶಸಂಘಾತ’ದಂತಹ ಸಂಸ್ಕೃತ ಸಮಾಸವನ್ನು ಟಂಕಿಸಬೇಕೇಕೆ? ‘ಸದಿಶ ಕಟ್ಟು’ ಸಾಕು. ಆದರೆ ದೇಶಿಪದ ಎಂದಮಾತ್ರಕ್ಕೆ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಬಿಚ್ಚಾಣಿಕೆಯಲ್ಲಿ ಹಲವು ಗೂಡುಗಳ ಎಳೆಗಳು ಉದ್ದಕ್ಕೂ ಕೂಡಿ ಒಂದು ನೂಲಾಗುತ್ತವೆ. ಗಣಿತದ ಎಳೆ ಉದ್ದಕ್ಕೆ ಹರಿಯುವುದಿಲ್ಲ. ವಕ್ರರೇಖೆಯ ಒಂದೊಂದು ಬಿಂದುವಿನಲ್ಲೂ ಬೇರೆಬೇರೆಯಾಗಿ ನಿಂತಿರುತ್ತದೆ. ಆದ್ದರಿಂದ ಇಲ್ಲಿ ಚರಕಕ್ಕಿಂತ ಮಗ್ಗ ಹೆಚ್ಚು ಸಮೀಪದ ಉಪಮೆ: ವಕ್ರರೇಖೆ ಹಾಸಾದರೆ ಎಳೆಗಳು ಹೊಕ್ಕು.

ನೂಲಿನ ಊರು ನಿಜವಾಗಿ ನೆರವಾಗುವುದು ‘ಸ್ಟೆಬಿಲಿಟಿ’ಯ ವಿಚಾರದಲ್ಲಿ. ಕಟ್ಟಿಗೆ ಎರಡು ಸಂಖ್ಯೆಗಳಿವೆ: ಎಳೆಯ ಆಯಾಮವನ್ನು ಹೇಳುವ ದರ್ಜೆ, ಒಟ್ಟು ತಿರುಚನ್ನು ಅಳೆಯುವ ಡಿಗ್ರಿ. ಡಿಗ್ರಿಯನ್ನು ದರ್ಜೆಯಿಂದ ಭಾಗಿಸಿದರೆ ಬರುವುದು ಅದರ ಸರಾಸರಿ, ಗಣಿತಜ್ಞರ ಮಾತಿನಲ್ಲಿ ಇಳಿಜಾರು. ಒಂಬತ್ತು ಸಾವಿರ ಮೀಟರು ನೂಲಿನ ತೂಕ ಎಷ್ಟು ಗ್ರಾಂ ಎಂಬ ಡೆನಿಯರ್ ಕೂಡ ಇಂತಹುದೇ ಭಾಗಲಬ್ಧ. ಸರಾಸರಿ ಡೆನಿಯರ್ ಸರಿಯಿದ್ದರೂ ನಡುನಡುವೆ ದಪ್ಪ-ತೆಳು ಇದ್ದರೆ ನೂಲು ಕೆಳದರ್ಜೆಯದೆಂಬುದು ನೂಲು ತೆಗೆಯುವವರಿಗೆ ಗೊತ್ತು. 1962ರಲ್ಲಿ ಡೇವಿಡ್ ಮಮ್‌ಫರ್ಡ್ ಮುಂದಿಟ್ಟ ನಿಬಂಧನೆಯೂ ಭಾಗ ಮತ್ತು ಇಡಿಯ ಸಂಬಂಧವನ್ನೇ ಕುರಿತದ್ದು: ಕಟ್ಟಿನೊಳಗಿನ ಯಾವ ಉಪಕಟ್ಟಿನ ಸರಾಸರಿಯೂ ಇಡೀ ಕಟ್ಟಿನ ಸರಾಸರಿಯನ್ನು ಮುಟ್ಟಬಾರದು. ಮುಟ್ಟಬಹುದು, ಮೀರಬಾರದು ಎಂದರೆ ಅದು ‘ಸೆಮಿಸ್ಟೇಬಲ್’.

ಇದನ್ನು ‘ಸ್ಥಿರ’ ಎಂದು ಅನುವಾದಿಸಿದರೆ ಅನರ್ಥವಾಗುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ‘ಸ್ಥಿರಾಂಕ’ವೆಂದರೆ ಬದಲಾಗದ ಸಂಖ್ಯೆ. ಆ ಬಳಕೆಯಂತೆ ‘ಸ್ಥಿರ ಕಟ್ಟು’ ಎಂದರೆ ಎಲ್ಲೆಡೆ ಒಂದೇ ತೆರನಾಗಿರುವ, ತಿರುಚಿಲ್ಲದ ಕಟ್ಟು ಎಂದು ಓದುಗರು ತಿಳಿಯುತ್ತಾರೆ. ಆದರೆ ದರ್ಜೆ ಎರಡು ಅಥವಾ ಹೆಚ್ಚಿರುವ ಅಂತಹ ಕಟ್ಟು ‘ಸ್ಟೇಬಲ್’ ಅಲ್ಲವೇ ಅಲ್ಲ. ಅದರ ಸರಾಸರಿ ಸೊನ್ನೆ, ಅದರೊಳಗೆ ಸೊನ್ನೆ ಸರಾಸರಿಯದೇ ಉಪಕಟ್ಟುಗಳಿವೆ. ನಿಘಂಟಿನ ಮೊದಲ ಅರ್ಥವನ್ನು ಎತ್ತಿಕೊಂಡರೆ ಪ್ರಮೇಯವೇ ತಲೆಕೆಳಗಾಗುತ್ತದೆ. ‘ದೃಢ’, ‘ಅರೆದೃಢ’, ‘ಅದೃಢ’ ಎಂಬ ಸರಣಿಗೆ ಈ ತೊಡಕಿಲ್ಲವೆಂದು ನನ್ನ ಅಭಿಪ್ರಾಯ. ಸಂಸ್ಕೃತ ಪದಕ್ಕೆ ‘ಅರೆ’ ಸೇರುವುದನ್ನು ಅರಿಸಮಾಸವೆಂದು ಆಕ್ಷೇಪಿಸುವವರು ಕೇಶಿರಾಜನನ್ನು ಕರೆತರಬಹುದು. ಶಾಸ್ತ್ರಪದಗಳಿಗೆ ಆ ಮಡಿ ದುಬಾರಿಯಾದದ್ದು.

ಈ ಸರಣಿಯನ್ನು ವಾಕ್ಯದಲ್ಲಿಟ್ಟು ನೋಡೋಣ. ‘ಪ್ರಕ್ಷೇಪ ಅವಕಾಶದಲ್ಲಿನ ತಿರುಚಿದ ಘನ ವಕ್ರರೇಖೆಯ ಮೇಲೆ, ಮೇಲೆ ಹೇಳಿದ ಸಮತಲಗಳ ಕಟ್ಟಿನ ದರ್ಜೆ 3, ಡಿಗ್ರಿ ಋಣ 3, ಸರಾಸರಿ ಋಣ 1. ಅದು ಋಣ 1 ಡಿಗ್ರಿಯ ಮೂರು ರೇಖಾಕಟ್ಟುಗಳಾಗಿ ಒಡೆಯುತ್ತದೆ. ಆದ್ದರಿಂದ ಅರೆದೃಢ, ದೃಢವಲ್ಲ.’ ಕನ್ನಡದ ಬೆನ್ನು ಇಲ್ಲಿ ಮುರಿದಂತೆ ನನಗೆ ತೋರುವುದಿಲ್ಲ. ಕಪಿಲ್ ಪರಾಂಜಪೆ ಮತ್ತು ಎಸ್. ರಮಣನ್ 1988ರಲ್ಲಿ ಇದೇ ಬಗೆಯ ಕಟ್ಟುಗಳ ದೃಢತೆಯನ್ನು ಕುರಿತು ಬರೆದದ್ದನ್ನೂ ಇದೇ ಪರಿಭಾಷೆಯಲ್ಲಿ ಹೇಳಲು ಸಾಧ್ಯ.

ಕನ್ನಡ ವಿಭಾಗದ ಸಂಶೋಧಕನು ಗಣಿತಜ್ಞನಾಗಬೇಕಿಲ್ಲ. ಆದರೆ ಪದದ ಚರಿತ್ರೆ, ಸಮಾಸದ ನಡೆ, ವೃತ್ತಿಪದಗಳ ಅರ್ಥವ್ಯಾಪ್ತಿ ಇವು ಅವನ ಕ್ಷೇತ್ರ. ವೃತ್ತಿಪದಕೋಶಗಳನ್ನು ನಾವು ಜಾನಪದದ ಕಪಾಟಿನಲ್ಲಿ ಇರಿಸುತ್ತೇವೆ, ಪಾರಿಭಾಷಿಕ ಕೋಶಗಳನ್ನು ಅನುವಾದದ ಕಪಾಟಿನಲ್ಲಿ. ಇವೆರಡನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ಮಾಡಿದ ಪಿಎಚ್.ಡಿ. ಪ್ರಬಂಧ ವಿರಳ. ಅಂತಹ ವಿಷಯಕ್ಕೆ ‘ಇದು ಸಾಹಿತ್ಯವೇ?’ ಎಂಬ ಪ್ರಶ್ನೆ ಬರುತ್ತದೆ. ರಾಜಾದಿತ್ಯನಿಗೆ ಸಾಹಿತ್ಯಚರಿತ್ರೆಯಲ್ಲಿ ಜಾಗ ಕೊಟ್ಟವರು ಈ ಪ್ರಶ್ನೆಯನ್ನು ಕೇಳುವುದು ವಿಚಿತ್ರ.

ಬಿಡಿಸಬೇಕಾದ ಗಂಟುಗಳು ಇನ್ನೂ ಇವೆ. ಅದೃಢವಾದ ಯಾವುದೇ ಕಟ್ಟನ್ನು ಅರೆದೃಢವಾದ ಪದರಗಳಾಗಿ, ಸರಾಸರಿ ಇಳಿಯುವ ಕ್ರಮದಲ್ಲಿ, ಒಂದೇ ರೀತಿಯಲ್ಲಿ ಜೋಡಿಸಬಹುದೆಂದು ಹಾರ್ಡರ್ ಮತ್ತು ನರಸಿಂಹನ್ 1975ರಲ್ಲಿ ತೋರಿಸಿದರು. ಇಂಗ್ಲಿಷಿನಲ್ಲಿ ಇದು ‘ಫಿಲ್ಟ್ರೇಷನ್’. ‘ಸೋಸುವಿಕೆ’ ಎಂದರೆ ಏನನ್ನೋ ಹೊರಹಾಕಿದಂತಾಗುತ್ತದೆ; ಇಲ್ಲಿ ಯಾವುದೂ ಹೊರಹೋಗುವುದಿಲ್ಲ. ‘ಪದರಸಾಲು’ ಎನ್ನಬಹುದೇ, ‘ಮೆಟ್ಟಿಲುಸಾಲು’ ಎನ್ನಬಹುದೇ ಎಂಬುದನ್ನು ಗಣಿತ ವಿಭಾಗದ ಸಹೋದ್ಯೋಗಿಗಳೊಡನೆ ಕುಳಿತೇ ನಿರ್ಧರಿಸಬೇಕು.