ಬಿತ್ತನೆ ಚೀಲದ ಎಚ್ಚರಿಕೆ ಕನ್ನಡದಲ್ಲಿರಲಿ

ರಾಣೆಬೆನ್ನೂರು ಕಡೆಯ ನಮ್ಮೂರಲ್ಲಿ ಈ ಸಲ ಮಿರಗದ ಮಳೆಗೇ ಗೋವಿನಜೋಳ ಬಿತ್ತಿದರು. ಪುಣೆಯಲ್ಲಿ ಕುಳಿತು ವಿಡಿಯೊ ಕಾಲ್‌ನಲ್ಲಿ ನೋಡುತ್ತಿದ್ದೆ. ಅವ್ವ ಗುಲಾಬಿ ಬಣ್ಣದ ಕಾಳನ್ನು ಉಡಿಯಲ್ಲಿ ಕಟ್ಟಿಕೊಂಡು ಬರಿಗೈಯಲ್ಲೇ ಸಾಲಿಗೆ ಬಿಡುತ್ತಿದ್ದಳು. ‘ಉಳದದ್ದನ್ನ ತೊಳದು ಕೋಳಿಗೆ ಹಾಕಿದ್ರಾತು ತಮ್ಮಾ, ಬಣ್ಣ ಎಲ್ಲಾ ಹೋಗ್ತೈತಿ’ ಎಂದಳು.

ಇರಾಕಿನ ರೈತರೂ ಹೀಗೇ ತಿಳಿದಿದ್ದರು. 1971ರ ಕೊನೆಯಲ್ಲಿ ಅಲ್ಲಿ ಹಂಚಿದ ಬಿತ್ತನೆ ಗೋಧಿಗೆ ಪಾದರಸದ ಶಿಲೀಂಧ್ರನಾಶಕ ಲೇಪಿಸಿ, ಗುರುತಿಗೆ ಬಣ್ಣ ಹಾಕಲಾಗಿತ್ತು. ಬೀಜ ಕೈಸೇರುವಷ್ಟರಲ್ಲಿ ಹಲವೆಡೆ ಬಿತ್ತನೆ ಮುಗಿದಿತ್ತು. ಚೀಲದ ಮೇಲಿನ ಎಚ್ಚರಿಕೆ ಸ್ಪ್ಯಾನಿಷ್‌ನಲ್ಲಿತ್ತು. ತಲೆಬುರುಡೆಯ ಚಿತ್ರ ಹಳ್ಳಿಯವರಿಗೆ ಅರ್ಥವಾಗಲಿಲ್ಲ. ಕೆಲವರು ಕೋಳಿಗೆ ಹಾಕಿ ನೋಡಿದರು, ನಾಲ್ಕು ದಿನ ಏನೂ ಆಗಲಿಲ್ಲ. ಬಣ್ಣ ತೊಳೆದು, ಹಿಟ್ಟು ಬೀಸಿ, ರೊಟ್ಟಿ ಮಾಡಿ ತಿಂದರು. ಬಣ್ಣ ಹೋಯಿತು, ಪಾದರಸ ಹೋಗಲಿಲ್ಲ. ವಾರಗಳ ನಂತರ ಕೈಕಾಲು ಜೋಮು, ನಡಿಗೆ ತೂರಾಟ, ದೃಷ್ಟಿ ಮಂದ. ಆಸ್ಪತ್ರೆ ಸೇರಿದವರು 6,530. ಅವರಲ್ಲಿ ಸತ್ತವರು 459.

ಅವ್ವನ ಉಡಿಯಲ್ಲಿದ್ದದ್ದು ಆ ವಿಷವಲ್ಲ. ಬೀಜೋಪಚಾರಕ್ಕೆ ಬಳಸುತ್ತಿದ್ದ ಒಂದು ಪಾದರಸ ಸಂಯುಕ್ತವನ್ನು ನಮ್ಮ ದೇಶ ನಿಷೇಧಿಸಿದ್ದು 2018ರಲ್ಲಿ, ಅಷ್ಟು ತಡವಾಗಿ. ಈಗ ಬೀಜಕ್ಕೆ ಹಚ್ಚುವುದು ಥೈರಾಮ್, ಇಮಿಡಾಕ್ಲೋಪ್ರಿಡ್‌ನಂಥವು. ಇಡೀ ಹೊಲಕ್ಕೆ ಸಿಂಪಡಿಸುವುದಕ್ಕಿಂತ ಬೀಜಕ್ಕೆ ಹಚ್ಚಿದರೆ ಔಷಧ ಕಡಿಮೆ ಸಾಕು ಎಂಬುದನ್ನೂ ಒಪ್ಪುತ್ತೇನೆ. ಆದರೆ ಥೈರಾಮ್ ಚರ್ಮಕ್ಕೆ ಅಲರ್ಜಿ ತರಬಲ್ಲದು. ಇಮಿಡಾಕ್ಲೋಪ್ರಿಡ್ ಕೀಟದ ನರಗಳ ಮೇಲೆ ಎರಗುವ ವಿಷ, ಹೆಚ್ಚು ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಮನುಷ್ಯರನ್ನೂ ಬಿಡುವುದಿಲ್ಲ. ಬರಿಗೈಯಲ್ಲಿ ಕಾಳು ಬಿಟ್ಟು, ಅದೇ ಕೈಯಲ್ಲಿ ಬುತ್ತಿ ಬಿಚ್ಚುವವರು ಹೆಚ್ಚಾಗಿ ಹೆಣ್ಣುಮಕ್ಕಳು.

ಉಪಚರಿಸಿದ ಬೀಜದ ಚೀಲದ ಮೇಲೆ ರಾಸಾಯನಿಕದ ಹೆಸರೂ, ಆಹಾರಕ್ಕೆ, ಮೇವಿಗೆ, ಎಣ್ಣೆಗೆ ಬಳಸಬೇಡಿ ಎಂಬ ಎಚ್ಚರಿಕೆಯೂ ಇರಬೇಕೆಂದು 1968ರ ಬೀಜ ನಿಯಮಗಳೇ ಹೇಳುತ್ತವೆ. ನಮ್ಮ ಮನೆಗೆ ಬಂದ ಚೀಲದಲ್ಲೂ ಇತ್ತು. ತಳಿಯ ಹೆಸರು, ಇಳುವರಿಯ ಬಣ್ಣನೆ ದಪ್ಪ ಕನ್ನಡದಲ್ಲಿ. ಎಚ್ಚರಿಕೆ ಮಾತ್ರ ಇರುವೆ ಸಾಲಿನಂಥ ಇಂಗ್ಲಿಷ್‌ನಲ್ಲಿ. ಮಾರಲು ಬರುವ ಕನ್ನಡ ಎಚ್ಚರಿಸಲು ಬರುವುದಿಲ್ಲವೇ? ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಬಳಸುವವರಿಗೆ ಅರ್ಥವಾಗದ ಸೂಚನೆ ಬರೆದರೆ ತಪ್ಪು ಬರೆದವನದು. ಬೀಜದ ಕಂಪನಿಗೂ ಅದೇ ನ್ಯಾಯ ಇರಲಿ. ಕೃಷಿ ಇಲಾಖೆ ಎಚ್ಚರಿಕೆಯನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಕಡ್ಡಾಯ ಮಾಡಲಿ. ಚೀಲದೊಳಗೆ ಒಂದು ಜೊತೆ ಕೈಗವಸೂ ಇರಲಿ.

ಅಲ್ಲಿಯವರೆಗೆ ಊರಿಗೆ ಫೋನ್ ಮಾಡಿದಾಗ ಮಳೆ ಹೇಗಿದೆ ಎಂದು ಕೇಳಿದ ಮೇಲೆ ಚೀಲದ ಫೋಟೊ ತರಿಸಿಕೊಳ್ಳಿ, ಓದಿ ಹೇಳಿ. ನಾನು ಓದಿ ಹೇಳಿದ ಮೇಲೆ ಅವ್ವ ಉಳಿದ ಕಾಳನ್ನು ಕೋಳಿಗೆ ಹಾಕಲಿಲ್ಲ. ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಟ್ಟಿದ್ದಾಳೆ. ಅದನ್ನೇನು ಮಾಡಬೇಕೆಂದು ಆ ಚೀಲದ ಮೇಲೆ ಇಂಗ್ಲಿಷ್‌ನಲ್ಲೂ ಬರೆದಿರಲಿಲ್ಲ.