‘ಮದುವೆ ಮಾಡಿಕೊಡಿ’ ಎಂಬ ಮಾತಿನ ಬೆಲೆ

ಸಂಬಂಧ ಕುದುರುವ ಮಾತುಕತೆಯಲ್ಲಿ ಗಂಡಿನವರು ಮದುವೆ ‘ಮಾಡಿಕೊಳ್ಳುತ್ತಾರೆ’, ಹೆಣ್ಣಿನವರು ‘ಮಾಡಿಕೊಡುತ್ತಾರೆ’. ಕೊಳ್ಳುವ ಮತ್ತು ಕೊಡುವ ಈ ಎರಡು ಕ್ರಿಯಾಪದಗಳ ನಡುವೆ ನಮ್ಮ ಸಮಾಜದ ದೊಡ್ಡದೊಂದು ಅನ್ಯಾಯ ಅಡಗಿದೆ.

“ನಮಗೇನೂ ಬೇಡ, ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡಿ” ಎಂಬ ವಾಕ್ಯವನ್ನು ಔದಾರ್ಯವೆಂದು ಮೆಚ್ಚುವವರಿದ್ದಾರೆ. ನಾನು ಅದನ್ನು ವರದಕ್ಷಿಣೆಯ ಪರ್ಯಾಯಪದವೆಂದೇ ಓದುತ್ತೇನೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯು ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಅಪರಾಧವೆಂದಿತು. ಮದುವೆಯ ಖರ್ಚಿಗೆ ಮಿತಿ ಹಾಕಲಿಲ್ಲ. ಆದ್ದರಿಂದ ಕೈಗೆ ಬರಬೇಕಾದ ಹಣ ಕಲ್ಯಾಣಮಂಟಪದ ಬಾಡಿಗೆಯಾಗಿ, ಆರತಕ್ಷತೆಯ ಅಲಂಕಾರವಾಗಿ, ಬೀಗರ ಉಪಚಾರವಾಗಿ ರೂಪ ಬದಲಿಸಿತು. ಹೊರೆ ಹೊತ್ತ ಹೆಗಲು ಬದಲಾಗಲಿಲ್ಲ. ರೈತ ಹೊಲ ಅಡವಿಡುತ್ತಾನೆ. ನೌಕರ ಮುಪ್ಪಿಗೆಂದು ಕೂಡಿಟ್ಟ ಭವಿಷ್ಯನಿಧಿಗೆ ಕೈಹಾಕುತ್ತಾನೆ. ಮದುವೆಗೆ ಹಣ ಕೂಡಿಡುವ ಎಷ್ಟೋ ಮನೆಗಳಲ್ಲಿ ಮಗಳ ಮೇಲಿನ ಓದು ದುಂದುವೆಚ್ಚವೆನಿಸುತ್ತದೆ.

ಇದನ್ನು ಸಂಪ್ರದಾಯವೆನ್ನುವವರು ಚರಿತ್ರೆಯನ್ನು ಮರೆತಿದ್ದಾರೆ. ಕರ್ನಾಟಕದ ಹಲವು ಸಮುದಾಯಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ ‘ತೆರ’ ಕೊಡುತ್ತಿದ್ದರು. ಅದೂ ಆದರ್ಶವಲ್ಲ, ಆದರೆ ಹಣ ಹರಿಯುವ ದಿಕ್ಕು ದೈವನಿಯಮವಲ್ಲವೆಂಬುದಕ್ಕೆ ಅದು ಸಾಕ್ಷಿ.

ಅದ್ದೂರಿ ಮದುವೆಯಿಂದ ಅಡುಗೆಯವರು, ಓಲಗದವರು, ಹೂವಾಡಿಗರು ಬದುಕುತ್ತಾರೆಂಬ ವಾದವೂ ಇದೆ. ಸರಳ ಮದುವೆಯಲ್ಲೂ ಅಡುಗೆಯಾಗುತ್ತದೆ, ಓಲಗ ನುಡಿಯುತ್ತದೆ. ಅಲ್ಲದೆ, ಹೂವಾಡಗಿತ್ತಿಗೂ ಮಗಳಿದ್ದಾಳೆ. ತಾನು ಸಿಂಗರಿಸಿದ ಮಂಟಪವೇ ನಾಳೆ ಅವಳ ಮನೆಗೆ ಅಳತೆಗೋಲಾಗುತ್ತದೆ.

ದಾರಿಗಳಿಲ್ಲವೆಂದಲ್ಲ. ಕುವೆಂಪು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ವಿಧಿಯಲ್ಲಿ ನೆರವೇರಿಸಿದರು. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಸಾಮೂಹಿಕ ವಿವಾಹವನ್ನು ಆರಂಭಿಸಿದರು. ನಾವು ಮೊದಲನೆಯದನ್ನು ವಿಚಾರಸಂಕಿರಣದ ವಿಷಯವಾಗಿಸಿದೆವು, ಎರಡನೆಯದನ್ನು ‘ಬಡವರ ಮದುವೆ’ಯೆಂದು ದೂರವಿಟ್ಟೆವು. ಶ್ರಾವಕನ ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣವೂ ಒಂದೆಂದು ಪ್ರವಚನದಲ್ಲಿ ತಲೆದೂಗಿದವರೇ ಮಕ್ಕಳ ಮದುವೆಯಲ್ಲಿ ಪರಿಮಾಣವನ್ನು ಮರೆಯುತ್ತಾರೆ. ಉಳ್ಳವರು ಸರಳವಾಗಿ ಮದುವೆಯಾಗದ ಹೊರತು ಸರಳತೆ ಬಡತನದ ಗುರುತಾಗಿಯೇ ಉಳಿಯುತ್ತದೆ.

ಕನ್ನಡದಲ್ಲಿ ‘ಮದುವೆಯಾಗು’ ಎಂಬ ಮಾತೂ ಇದೆ. ಅದರಲ್ಲಿ ಕೊಡುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ತಮ್ಮ ಮದುವೆಯ ಲೆಕ್ಕವನ್ನು ಆ ಮಾತಿಗೆ ಹೊಂದಿಸಲಿ: ಖರ್ಚು ಎರಡೂ ಮನೆಗಳದ್ದಾಗಲಿ, ಅದಕ್ಕಾಗಿ ಒಂದು ರೂಪಾಯಿಯೂ ಸಾಲವಾಗದಿರಲಿ. ಇದನ್ನು ಮೊದಲು ಹೇಳಬೇಕಾದವನು ವರ.