ನೋಟ ಯಾರ ಇಚ್ಛೆ?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬುದು ನಮ್ಮ ಹಿರಿಯರ ಮಾತು. ಉಡುಗೆತೊಡುಗೆಯನ್ನು ಕುರಿತು ಹುಟ್ಟಿದ ಈ ಗಾದೆ ಇಂದು ಚಲನಚಿತ್ರದ ವಿಷಯದಲ್ಲಿ ಬೇರೊಂದು ಅರ್ಥದಿಂದ ನಿಜವಾಗಿದೆ. ಬರುವ ಶುಕ್ರವಾರ ನಮ್ಮೂರಿನ ತೆರೆಯ ಮೇಲೆ ಏನು ಮೂಡಬೇಕೆಂದು ನಿರ್ಣಯಿಸುವವರು ನಾವಲ್ಲ. ಯಾರು ನಿರ್ಣಯಿಸುತ್ತಾರೆಂಬುದೂ ನಮಗೆ ತಿಳಿಯದು. ಚಿಕ್ಕದೊಂದು ಸ್ವತಂತ್ರ ಚಿತ್ರಮಂದಿರವು ಮುಂದಿನ ತಿಂಗಳು ತಾನು ತೋರಿಸಲಿರುವ ಚಿತ್ರಗಳ ಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸುವುದು ಅಲ್ಪವಿಷಯವೆಂದು ತೋರಬಹುದು. ಆದರೆ ಅಂಥ ಪಟ್ಟಿ ದುರ್ಲಭವಾದಾಗ ನಾವು ಏನನ್ನು ಕಳೆದುಕೊಳ್ಳುತ್ತೇವೆಂಬುದನ್ನು ವಿಚಾರಿಸಲು ಇದು ತಕ್ಕ ಸಮಯವೆಂದು ನಾನು ಭಾವಿಸುತ್ತೇನೆ.

2025ರ ಮಾರ್ಚ್ ತಿಂಗಳ ಆಯವ್ಯಯದಲ್ಲಿ ರಾಜ್ಯ ಸರಕಾರವು ಚಿತ್ರಮಂದಿರಗಳ ಟಿಕೆಟ್ಟಿನ ದರವನ್ನು 200 ರೂಪಾಯಿಗೆ ಮಿತಗೊಳಿಸುವುದಾಗಿಯೂ, ಕನ್ನಡ ಚಿತ್ರಗಳಿಗಾಗಿ ಓಟಿಟಿ ವೇದಿಕೆಯೊಂದನ್ನು ರೂಪಿಸುವುದಾಗಿಯೂ ಸಾರಿತು. ಸೆಪ್ಟೆಂಬರ್‌ನಲ್ಲಿ ದರದ ನಿಯಮ ಜಾರಿಗೆ ಬಂತು; ಅದೇ ತಿಂಗಳ 23ರಂದು ಹೈಕೋರ್ಟು ಅದಕ್ಕೆ ಮಧ್ಯಂತರ ತಡೆ ನೀಡಿತು. ಈ ವಾದವಿವಾದಗಳ ನಡುವೆ ನನ್ನ ಗಮನವನ್ನು ಸೆಳೆದದ್ದು ಆ ನಿಯಮದಲ್ಲಿದ್ದ ಒಂದು ವಿನಾಯಿತಿ. ವಿಶೇಷ ಸೌಕರ್ಯಗಳುಳ್ಳ, 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಮಲ್ಟಿಪ್ಲೆಕ್ಸ್ ಪರದೆಗಳಿಗೆ ದರದ ಮಿತಿ ಅನ್ವಯಿಸುವುದಿಲ್ಲವೆಂದು ಅಲ್ಲಿ ಹೇಳಿತ್ತು. ಎಂದರೆ, ನಿಯಮದ ಕಣ್ಣಿಗೆ ಬಿದ್ದ ಚಿಕ್ಕ ಮಂದಿರ ಒಂದೇ: ಉಳ್ಳವರು ಕಾಲು ಚಾಚಿ ಒರಗಿಕೊಳ್ಳುವ ಕೋಣೆ. ಅಲ್ಲಿ ಏನನ್ನು ತೋರಿಸುತ್ತಾರೆ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಚಿಕ್ಕ ಮಂದಿರಕ್ಕೆ ಬೇರೊಂದು ಅರ್ಥವಿರಬಲ್ಲುದೆಂಬುದಕ್ಕೆ ನಿದರ್ಶನವನ್ನು ಹುಡುಕಿಕೊಂಡು ನಾವು ಪರದೇಶಕ್ಕೆ ಹೋಗಬೇಕಾಗಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1973ರಲ್ಲಿ ಚಿತ್ರಸಮಾಜವೊಂದನ್ನು ಕಟ್ಟಿತು. ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ, ಅಡಕೆ ತೋಟಗಳ ನಡುವಣ ಆ ಹಳ್ಳಿಯಲ್ಲಿ ಸತ್ಯಜಿತ್ ರಾಯ್, ಕುರೊಸಾವಾ ಮುಂತಾದವರ ಚಿತ್ರಗಳನ್ನು ಜನ ಕಂಡರು. ಕಂಡದ್ದನ್ನು ಕುರಿತು ಮಾತನಾಡಿದರು. ಪುಣೆಯ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಸತೀಶ್ ಬಹಾದುರ್ ಅಂಥವರು ಅಲ್ಲಿಗೆ ಬಂದು ರಸಗ್ರಹಣದ ಶಿಬಿರಗಳನ್ನು ನಡೆಸಿಕೊಟ್ಟರು. ಹಳ್ಳಿಗರಿಗೆ ಇದು ಅರ್ಥವಾದೀತೇ ಎಂದು ಪಟ್ಟಣದವರು ಕೇಳುವ ಪ್ರಶ್ನೆಗೆ ಹೆಗ್ಗೋಡು ವಾದದಿಂದಲ್ಲ, ವರ್ಷವರ್ಷದ ಪ್ರದರ್ಶನಗಳಿಂದ ಉತ್ತರ ಹೇಳಿತು. ಇದರಲ್ಲಿ ನಾನು ಮುಖ್ಯವೆಂದು ಎಣಿಸುವ ಅಂಶ ಇದು: ಚಿತ್ರಗಳನ್ನು ಆಯ್ದವರು ಊರಿನವರೇ. ಚಿತ್ರ ಹಿಡಿಸದಿದ್ದರೆ ಮರುದಿನ ಅವರನ್ನು ಅಂಗಳದಲ್ಲೇ ನಿಲ್ಲಿಸಿ ಕೇಳಬಹುದಾಗಿತ್ತು. ಇಲ್ಲಿಯೂ ನೋಟ ಪರರಿಚ್ಛೆಯೇ. ಆದರೆ ಆ ಪರರು ಹೊಣೆ ಹೊತ್ತವರು.

ಇಂದಿನ ವಾಣಿಜ್ಯ ಪ್ರದರ್ಶನದಲ್ಲಿ ಈ ಹೊಣೆ ಎಲ್ಲಿಯೂ ನೆಲೆನಿಲ್ಲುವುದಿಲ್ಲ. ಬೆಂಗಳೂರಿನ ಕಪಾಲಿ 2017ರಲ್ಲಿ ಮುಚ್ಚಿತು. 1974ರಿಂದ ನಡೆದಿದ್ದ ಕಾವೇರಿ 2024ರಲ್ಲಿ ಮುಚ್ಚಿತು. ಅವುಗಳ ಸ್ಥಾನಕ್ಕೆ ಬಂದ ಬಹುಪರದೆಯ ಮಂದಿರಗಳಲ್ಲಿ ಪರದೆಗಳು ಹೆಚ್ಚಿದರೂ ಆಯ್ಕೆ ಹೆಚ್ಚಲಿಲ್ಲ. ದೊಡ್ಡ ಚಿತ್ರವೊಂದು ಬಂದಾಗ ಐದಾರು ಪರದೆಗಳನ್ನೂ ಅದೇ ಆಕ್ರಮಿಸುತ್ತದೆ. ಸಣ್ಣ ಚಿತ್ರಕ್ಕೆ ಸಿಕ್ಕುವುದು ಬೆಳಗಿನ ಒಂದು ಆಟ. ಜನರ ಕಿವಿಗೆ ಅದರ ಸುದ್ದಿ ಮುಟ್ಟುವಷ್ಟರಲ್ಲಿ ಸೋಮವಾರ ಬಂದು, ಅದು ತೆರೆಯಿಂದ ಇಳಿದಿರುತ್ತದೆ. ಬಾಯಿಂದ ಬಾಯಿಗೆ ಹರಡುವ ಮಾತನ್ನೇ ನಂಬಿದ ಚಿತ್ರಕ್ಕೆ ಮೂರು ದಿನದ ಆಯುಷ್ಯ ಸಾಲದು.

ಇತ್ತ ಕನ್ನಡ ಚಿತ್ರಗಳ ಕೀರ್ತಿ ಹೊರಗೆ ಕುಂದಿಲ್ಲ. ‘ಶಿವಮ್ಮ’ 2022ರಲ್ಲಿ ಬುಸಾನಿನಲ್ಲಿ ಪ್ರಶಸ್ತಿ ಪಡೆಯಿತು. ಅಜ್ಜಿಯೊಬ್ಬಳು ಹುಂಜವನ್ನು ಕದ್ದೊಯ್ದು ಊರನ್ನೇ ಕತ್ತಲಲ್ಲಿಟ್ಟ ಜನಪದ ಕಥೆಯನ್ನು ಆಧರಿಸಿದ ಚಿದಾನಂದ ಎಸ್. ನಾಯ್ಕರ ಕಿರುಚಿತ್ರಕ್ಕೆ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ದೊರೆಯಿತು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಜೀರ್ಣೋದ್ಧಾರಗೊಂಡು ಅದೇ ವರ್ಷ ವೆನಿಸ್ಸಿನಲ್ಲಿ ಪ್ರದರ್ಶಿತವಾಯಿತು. ಮಲೆನಾಡಿನ ಅಗ್ರಹಾರದ ಕಥೆ ವೆನಿಸ್ಸನ್ನು ಮುಟ್ಟಲು ದಾರಿಯಿದೆ. ತೀರ್ಥಹಳ್ಳಿಯನ್ನೋ ಚಳ್ಳಕೆರೆಯನ್ನೋ ಮುಟ್ಟಲು ಯಾವ ದಾರಿ? ಕಾಲು ಗಂಟೆಯ ಕಿರುಚಿತ್ರಕ್ಕಂತೂ ಯಾವ ಶುಕ್ರವಾರವೂ ಇಲ್ಲ.

ಮನೆಯಲ್ಲೇ ಕುಳಿತು ಬೇಕಾದುದನ್ನು ನೋಡಬಹುದಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಅಸಾರವಾದದ್ದಲ್ಲ, ದೂರದ ಊರಿನ ವಿದ್ಯಾರ್ಥಿಗೆ ಓಟಿಟಿ ದೊಡ್ಡ ಉಪಕಾರವನ್ನೇ ಮಾಡಿದೆ. ಆದರೆ ಎಂದಾದರೂ ನೋಡಬಹುದಾದುದನ್ನು ಎಂದೂ ನೋಡದೆ ಉಳಿಯುವುದು ಮನುಷ್ಯಸ್ವಭಾವ. ಇಂಥ ದಿನ, ಇಷ್ಟು ಗಂಟೆಗೆ, ಇಂಥ ಚಿತ್ರ ಎಂದು ಒಂದು ತಿಂಗಳು ಮೊದಲೇ ಗೊತ್ತಾದರೆ ಅಧ್ಯಾಪಕರು ಅನಂತಮೂರ್ತಿಯವರ ಮೂಲಕಥೆಯನ್ನು ತರಗತಿಯಲ್ಲಿ ಓದಿಸಿ ‘ಘಟಶ್ರಾದ್ಧ’ಕ್ಕೆ ವಿದ್ಯಾರ್ಥಿಗಳನ್ನು ಕರೆತರಬಲ್ಲರು. ಚಿತ್ರ ಮುಗಿದು ದೀಪ ಹೊತ್ತಿದಾಗ ಪಕ್ಕದಲ್ಲಿ ಭಿನ್ನಾಭಿಪ್ರಾಯದ ಇನ್ನೊಬ್ಬರು ಇರುತ್ತಾರೆ. ವಿಮರ್ಶೆಯ ಮೊದಲ ಪಾಠ ನಡೆಯುವುದು ಅಲ್ಲಿ.

ಅಡ್ಡಿಗಳೂ ಉಂಟು. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಕೇಂದ್ರ ಕಾಯಿದೆಯಂತೆ ಪ್ರಮಾಣಪತ್ರ ಬೇಕು. ಮಂದಿರಕ್ಕೆ 1964ರ ರಾಜ್ಯ ಕಾಯಿದೆಯಂತೆ ಪರವಾನಗಿ ಬೇಕು. ಹಕ್ಕುದಾರರ ಒಪ್ಪಿಗೆಯಿಲ್ಲದೆ, ಓಟಿಟಿಯಲ್ಲಿ ಸಿಕ್ಕುವ ಚಿತ್ರವನ್ನು ಕೂಡ ಸಭೆಗೆ ತೋರಿಸಲಾಗದು. ಬೆಂಗಳೂರಿನ ಸುಚಿತ್ರದಂತಹ, 1971ರಷ್ಟು ಹಿಂದೆ ಹುಟ್ಟಿದ ಚಿತ್ರಸಮಾಜ ಸದಸ್ಯರ ಚಂದಾದ ಆಧಾರದ ಮೇಲೆ ಕಾಲೂರಿತು. ಎಲ್ಲ ಊರುಗಳಿಗೂ ಅಷ್ಟು ಚಂದಾದಾರರು ಸಿಕ್ಕಲಾರರು. ಕೋಲ್ಕತಾದಲ್ಲಿ ಸರಕಾರವೇ 1985ರಲ್ಲಿ ನಂದನ್ ಎಂಬ ಚಿತ್ರಕೇಂದ್ರವನ್ನು ತೆರೆಯಿತು. ಸರಕಾರದ ಮಂದಿರದಲ್ಲಿ ಆಯ್ಕೆಯೂ ಸರಕಾರದ್ದಾಗುವ ಭಯವಿದ್ದೇ ಇರುತ್ತದೆ. ಆದ್ದರಿಂದ ನಾನು ಬಯಸುವುದು ಇಷ್ಟು: ಸರಕಾರ ಚಿಕ್ಕ ಮಂದಿರವನ್ನು ಆಸನದ ಮೆತ್ತೆಯಿಂದ ಅಳೆಯದೆ, ಅದು ತೋರಿಸುವ ಚಿತ್ರಗಳಿಂದ ಗುರುತಿಸಿ ಪರವಾನಗಿಯ ಭಾರವನ್ನು ಇಳಿಸಲಿ, ಆಯ್ಕೆಯನ್ನು ಊರಿನವರಿಗೆ ಬಿಡಲಿ.

ಕಾಲೇಜುಗಳಲ್ಲಿ ವಾರವೆಲ್ಲ ಬೀಗ ಬಿದ್ದಿರುವ ಸಭಾಂಗಣಗಳಿಗೆ ಕೊರತೆಯಿಲ್ಲ. ಬೇಕಾದವರು ನಾಲ್ಕು ಜನ: ಹಕ್ಕುದಾರರಿಗೆ ಪತ್ರ ಬರೆಯುವವರು, ಹಣದ ಲೆಕ್ಕವಿಡುವವರು, ಈ ಚಿತ್ರವನ್ನೇ ಏಕೆ ಆರಿಸಿದೆವೆಂದು ಎರಡು ವಾಕ್ಯ ಬರೆದು ಅದರ ಕೆಳಗೆ ತಮ್ಮ ಹೆಸರು ಹಾಕಲು ಅಂಜದವರು. ಅಂಥ ಪಟ್ಟಿಯೊಂದು ಊರಿನ ವಾಚನಾಲಯದ ಬಾಗಿಲಲ್ಲಿ ತೂಗಿದರೆ, ಅದರಲ್ಲಿನ ಚಿತ್ರಗಳು ನಮಗೆ ಒಪ್ಪಿಗೆಯಾಗದಿದ್ದರೂ, ಜಗಳವಾಡಲು ಒಂದು ಹೆಸರು, ಒಂದು ವಿಳಾಸ ಸಿಕ್ಕಂತಾಗುತ್ತದೆ.